ತಪಸ್: ದಿಗಂತದಾಚೆಗಿನ ಕಣ್ಣು

ಡ್ರೋನ್ ಎಂದ ಕೂಡಲೇ ನಮಗೆ ನೆನಪಾಗುವುದು ಮದುವೆ ಮನೆಯ ಮೇಲೆ ಸದ್ದು ಮಾಡುತ್ತ ಸುತ್ತುವ ಪುಟ್ಟ ಯಂತ್ರ. ಅದರ ದೊಡ್ಡಣ್ಣನೊಬ್ಬ ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಆಕಾಶದಲ್ಲಿ ಹಾರಿದ್ದಾನೆ. ಹೆಸರು ತಪಸ್-ಬಿಎಚ್-201. ಬೆಂಗಳೂರಿನಲ್ಲಿರುವ ಡಿಆರ್‌ಡಿಒದ ಎಡಿಇ ಸಂಸ್ಥೆ ಇದನ್ನು ರೂಪಿಸಿತು. ಚಳ್ಳಕೆರೆಯ ಪರೀಕ್ಷಾ ನೆಲೆಯಿಂದ 2016ರ ನವೆಂಬರ್‌ನಲ್ಲಿ ಇದು ಮೊದಲು ಹಾರಿದಾಗ ಹೆಸರು ರುಸ್ತುಂ-2 ಎಂದಿತ್ತು. ಎನ್‌ಎಎಲ್‌ನ ವಿಜ್ಞಾನಿ ಪ್ರೊ. ರುಸ್ತುಂ ದಮಾನಿಯಾ ಅವರ ನೆನಪಿಗೆ ಇಟ್ಟ ಹೆಸರು ಅದು.

ತಪಸ್‌ನ ಕೆಲಸ ಕಣ್ಗಾವಲು. ಇಂಥ ವಿಮಾನಕ್ಕೆ ಮೂರು ಗುಣ ಬೇಕು: ಎತ್ತರಕ್ಕೆ ಏರಬೇಕು, ಬಹಳ ಹೊತ್ತು ಅಲ್ಲೇ ಇರಬೇಕು, ಕಂಡದ್ದನ್ನು ಆಗಿಂದಾಗಲೇ ಕೆಳಗೆ ಕಳಿಸಬೇಕು. ಎತ್ತರ ಏಕೆ ಬೇಕೆಂಬುದನ್ನು ನಾವೇ ಲೆಕ್ಕ ಹಾಕಬಹುದು. ಭೂಮಿ ಗುಂಡಗಿರುವುದರಿಂದ ದಿಗಂತದಾಚೆಗೆ ನೇರ ದೃಷ್ಟಿ ಹೋಗದು. ಭೂಮಿಯ ತ್ರಿಜ್ಯ 6,400 ಕಿ.ಮೀ. ಇದನ್ನು ನೋಡುವವನ ಎತ್ತರದಿಂದಲೂ, ಮತ್ತೆ ಎರಡರಿಂದಲೂ ಗುಣಿಸಿ, ವರ್ಗಮೂಲ ತೆಗೆದರೆ ದಿಗಂತದ ದೂರ ಸಿಗುತ್ತದೆ. ಬಯಲಲ್ಲಿ ನಿಂತವನ ಕಣ್ಣು 1.7 ಮೀಟರ್ ಎತ್ತರದಲ್ಲಿದ್ದರೆ ಅವನ ದಿಗಂತ ಸುಮಾರು 4.7 ಕಿ.ಮೀ. ದೂರ. 120 ಮೀಟರ್ ಮೇಲಿರುವ ಡ್ರೋನ್‌ಗೆ 39 ಕಿ.ಮೀ. 20,000 ಅಡಿ, ಅಂದರೆ 6.1 ಕಿ.ಮೀ. ಮೇಲೆ ಹಾರುವ ತಪಸ್‌ಗೆ ಸುಮಾರು 280 ಕಿ.ಮೀ.

ನೇರ ರೇಡಿಯೋ ಸಂಪರ್ಕಕ್ಕೂ ಸುಮಾರು ಇದೇ ಮಿತಿ. ಅದನ್ನು ದಾಟಲು ಉಪಗ್ರಹದ ನೆರವು ಬೇಕು, ಇಲ್ಲವೇ ಮುಂದಿರುವ ಇನ್ನೊಂದು ನಿಯಂತ್ರಣ ಕೇಂದ್ರಕ್ಕೆ ವಿಮಾನವನ್ನು ಒಪ್ಪಿಸಬೇಕು. ಎರಡನೆಯ ವಿಧಾನವನ್ನು 2023ರ ಜೂನ್ 16ರಂದು ಮಾಡಿ ತೋರಿಸಿದರು. ಚಿತ್ರದುರ್ಗದ ನೆಲೆಯಿಂದ ಏರಿದ ತಪಸ್ ಅನ್ನು ಕಾರವಾರದಿಂದ 148 ಕಿ.ಮೀ. ದೂರ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗಿನಿಂದ 40 ನಿಮಿಷ ನಡೆಸಲಾಯಿತು. ಹೆಸರಿನಲ್ಲಿರುವ ‘ಬಿಎಚ್’ ಎಂದರೆ ದಿಗಂತದಾಚೆ ಎಂದೇ ಅರ್ಥ.

ಎಲ್ಲವೂ ಅಂದುಕೊಂಡಂತೆ ಆಗಲಿಲ್ಲ. ಸೇನೆ ಕೇಳಿದ್ದು 30,000 ಅಡಿ ಎತ್ತರ, 24 ಗಂಟೆ ಹಾರಾಟ. ಪರೀಕ್ಷೆಯಲ್ಲಿ ಸಿಕ್ಕಿದ್ದು 28,000 ಅಡಿ, 18 ಗಂಟೆ. 2023ರ ಆಗಸ್ಟ್‌ನಲ್ಲಿ ಒಂದು ತಪಸ್ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿದ್ದಿತು.

ಇನ್ನು ಊರಿನ ಮಾತಿಗೆ ಬರೋಣ. ಕತ್ತಲಲ್ಲಿ ಶತ್ರುವನ್ನು ಗುರುತಿಸುವ ಉಷ್ಣ ಕ್ಯಾಮೆರಾ ಮೈಶಾಖದಿಂದ ಹೊಮ್ಮುವ ಅವಗೆಂಪು ಕಿರಣಗಳನ್ನು ಹಿಡಿಯುತ್ತದೆ. ಬೇಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ರಾತ್ರಿ ಆನೆ ಎಲ್ಲಿದೆ ಎಂದು ತಿಳಿಯಲೂ ಅದೇ ಕ್ಯಾಮೆರಾ ಸಾಕು. ಬೆಳಗ್ಗೆ ಕೆಲಸಕ್ಕೆ ಹೊರಡುವ ಕೂಲಿಯವರಿಗೆ ಆ ಸುದ್ದಿ ಜೀವ ಉಳಿಸುವ ಸುದ್ದಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ, ನಿವೃತ್ತ ಮೇಜರ್ ಜನರಲ್ ಇಂದ್ರಬಾಲನ್ ಅವರ ತಂಡ ಗಂಗಾವಳಿ ನದಿಯಲ್ಲಿ ಮುಳುಗಿದ ಲಾರಿಯನ್ನು ಡ್ರೋನ್‌ಗೆ ಕಟ್ಟಿದ ಉಪಕರಣದಿಂದ ಹುಡುಕಿತು.

ನನಗೆ ಹೆಚ್ಚು ಹಿಡಿಸಿದ್ದು 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆ. ಗ್ರಾಮಠಾಣಾ ಜಾಗದ ಮನೆಗಳನ್ನು ಡ್ರೋನ್‌ನಿಂದ ಅಳೆದು ಆಸ್ತಿ ಕಾರ್ಡ್ ಕೊಡುವ ಯೋಜನೆ ಇದು. ಕರ್ನಾಟಕ ಅದರ ಮೊದಲ ರಾಜ್ಯಗಳಲ್ಲಿ ಒಂದು. ಡ್ರೋನ್ ಹಾರುವ ಮೊದಲು ನೆಲದ ಮೇಲೆ ಗಡಿಗೆರೆಯನ್ನು ಸುಣ್ಣದಿಂದ ಎಳೆಯುತ್ತಾರೆ. ನಮ್ಮ ಹುಲಿಕೆರೆಯಂಥ ಊರಲ್ಲಿ ಗೋಡೆ ಯಾರದು, ಓಣಿ ಯಾರದು ಎಂಬ ಜಗಳ ತಲೆಮಾರುಗಳಿಂದ ನಡೆದು ಬಂದಿರುತ್ತದೆ. ಕ್ಯಾಮೆರಾ ಅದನ್ನು ಬಗೆಹರಿಸಲಾರದು. ಅಕ್ಕಪಕ್ಕದವರು ಬಂದು ನಿಂತು ಒಪ್ಪಿದ ಸುಣ್ಣದ ಗೆರೆಯನ್ನಷ್ಟೇ ಅದು ಮೇಲಿನಿಂದ ನೋಡಿ ಅಳೆಯುತ್ತದೆ.

ಸೇನೆಯ ಡ್ರೋನ್‌ಗೂ ಊರಿನ ಡ್ರೋನ್‌ಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ ಎಂದು ನಾನು ಭಾವಿಸುತ್ತೇನೆ. ಗಡಿಯಲ್ಲಿ, ಕೆಳಗಿದ್ದವನಿಗೆ ತಿಳಿಯದೆ ನೋಡಿದರೆ ಮಾತ್ರ ಕೆಲಸ ಕೈಗೂಡುತ್ತದೆ. ಊರಿನಲ್ಲಿ, ಕೆಳಗಿದ್ದವರಿಗೆ ತಿಳಿಸಿ ನೋಡಿದರೆ ಮಾತ್ರ ಕೆಲಸ ಸರಿಯಾಗುತ್ತದೆ. ಯಂತ್ರ ಒಂದೇ, ನಿಯಮ ತಿರುಗುಮುರುಗು. ಇನ್ನೊಬ್ಬರ ಗುಟ್ಟು ಕೆದಕಬಾರದು ಎಂದು ಸೂರಃ ಅಲ್ ಹುಜುರಾತ್‌ನಲ್ಲಿ ಕಲಿತಿದ್ದೇವೆ. ಸಲಾಂ ಹೇಳಿ ಒಪ್ಪಿಗೆ ಪಡೆಯದೆ ಯಾರ ಮನೆಯೊಳಗೂ ಕಾಲಿಡುವುದಿಲ್ಲ. ಗೋಡೆಯ ಮೇಲಿಂದ ಅಂಗಳಕ್ಕೆ ಇಳಿಯುವ ಕ್ಯಾಮೆರಾಕ್ಕೂ ಈ ಅದಬು ಬೇಕು. ಅಂಗಳದಲ್ಲಿ ಅಮ್ಮ, ಅಕ್ಕತಂಗಿಯರು ಇರುತ್ತಾರೆ.

ಕಾನೂನೂ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಪೂರ್ವಾನುಮತಿ ಬೇಡ. 250 ಗ್ರಾಂ ಒಳಗಿನ ನ್ಯಾನೋ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರವೂ ಬೇಡ. ಹಳೇಬೀಡಿನ ದೇವಾಲಯದಂಥ ಸಂರಕ್ಷಿತ ಸ್ಮಾರಕದ ಮೇಲೆ ಹಾರಿಸಲು ಮಾತ್ರ ಪುರಾತತ್ವ ಇಲಾಖೆಯ ಅನುಮತಿ ಬೇಕು. ಪ್ರಮಾಣಪತ್ರ ಪಡೆಯಲು 18 ವರ್ಷ ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಆಗಿರಬೇಕು. ನಮ್ಮಲ್ಲಿ ಹಲವರಿಗೆ ಆ ವಯಸ್ಸು ಹತ್ತಿರದಲ್ಲೇ ಇದೆ. ಹೊಲದ ಅಳತೆ, ಔಷಧ ಸಿಂಪಡಣೆ, ಆನೆಯ ಜಾಡು, ಎಲ್ಲಕ್ಕೂ ತರಬೇತಾದ ಕೈಗಳು ಬೇಕಾಗಿವೆ. ಕಲಿಯುವ ಆಸೆಯಿದ್ದವರು ಇಂದಿನ ಭೌತಶಾಸ್ತ್ರದ ಪಾಠದಿಂದಲೇ ಶುರುಮಾಡಿ. ಮೊದಲ ಹಾರಾಟಕ್ಕೆ ಮುನ್ನ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ.