ಮೈದಾನದಲ್ಲಿ ರಿಪ್ಲೇ ಇಲ್ಲ

ನೆಹರೂ ಮೈದಾನಕ್ಕೆ ಪಂದ್ಯಾಟ ನೋಡಲು ಹೋದವರು ಮೊದಲು ನೋಡಬೇಕಾದ್ದು ಬಿಸಿಲು ಯಾವ ಕಡೆ ಅಂತ. ತಂಡ ಯಾವುದು, ಟಾಸ್ ಯಾರದ್ದು, ಅದೆಲ್ಲ ಆಮೇಲೆ. ಮಾರ್ಚ್ ತಿಂಗಳ ಮಂಗಳೂರಿನಲ್ಲಿ ಬೆವರು ಒಣಗುವುದಿಲ್ಲ, ಇಳಿಯುತ್ತಲೇ ಇರುತ್ತದೆ. ಮಧ್ಯಾಹ್ನ ಕಳೆದರೆ ಸೂರ್ಯ ಬಂದರಿನ ಕಡೆಗೆ ವಾಲುತ್ತಾನೆ. ಪಶ್ಚಿಮಕ್ಕೆ ಬೆನ್ನು ಹಾಕಿ ಕೂತವನಿಗೆ ಬಾಲು ಕಾಣುತ್ತದೆ; ಎದುರು ಕೂತವನು ಸಂಜೆಯವರೆಗೂ ಹಣೆಗೆ ಕೈ ಅಡ್ಡ ಹಿಡಿದೇ ಇರಬೇಕು. ಇನ್ನೊಂದು ವಿಷಯ, ಧ್ವನಿವರ್ಧಕದ ಕಂಬದಿಂದ ದೂರ ಕೂರಬೇಕು. ಕಿವಿ ನಮ್ಮದೇ ಅಲ್ಲವೆ.

ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದರೆ ಮೈದಾನ ಕೂಗಳತೆ ದೂರ. ಭಾನುವಾರವಾದರೆ ಅಲ್ಲಿ ನಡೆಯುವುದು ಒಂದೇ ಆಟ ಅಂತ ಇಲ್ಲ. ಒಂದು ಮೂಲೆಯಲ್ಲಿ ಬಿಳಿ ಬಟ್ಟೆಯ ಹುಡುಗರು ಲೆದರ್ ಬಾಲಿನಲ್ಲಿ ಅಭ್ಯಾಸ ಮಾಡುತ್ತಿರುತ್ತಾರೆ, ಇನ್ನೊಂದು ಕಡೆ ಟೆನಿಸ್ ಬಾಲು. ಯಾರದೋ ಸಿಕ್ಸರ್ ಇನ್ಯಾರದೋ ಸ್ಲಿಪ್‌ನಲ್ಲಿ ಬಂದು ಬೀಳುತ್ತದೆ. ಆದರೆ ನನ್ನನ್ನು ಇಡೀ ದಿನ ಹಿಡಿದು ಕೂರಿಸುವುದು ಅಂಡರ್ ಆರ್ಮ್.

ಕರಾವಳಿಯ ಆಚೆಯವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಅವರ ತಲೆಯಲ್ಲಿರುವುದು 1981ರ ಫೆಬ್ರವರಿ 1ರ ಮೆಲ್ಬರ್ನ್. ಕೊನೆಯ ಎಸೆತಕ್ಕೆ ನ್ಯೂಜಿಲೆಂಡಿಗೆ ಟೈ ಆಗಲು ಆರು ರನ್ ಬೇಕಿತ್ತು. ನಾಯಕ ಗ್ರೆಗ್ ಚಾಪೆಲ್ ಹೇಳಿದಂತೆ ತಮ್ಮ ಟ್ರೆವರ್ ಬಾಲನ್ನು ನೆಲದ ಮೇಲೆ ಉರುಳಿಸಿಬಿಟ್ಟ. ಬ್ಯಾಟ್ಸ್‌ಮನ್ ಮೆಕೆಕ್ನಿ ತಡೆದು ಬ್ಯಾಟನ್ನೇ ಎಸೆದ. ಆಮೇಲೆ ಆ ಬೌಲಿಂಗಿಗೇ ನಿಷೇಧ ಬಂತು. ಹಾಗಂತ ಅದು ಹುಟ್ಟಿನಿಂದಲೇ ಹೇಡಿ ಆಟವೇನಲ್ಲ. ಕ್ರಿಕೆಟ್ ಶುರುವಾದದ್ದೇ ಹಾಗೆ. ಕೈಯನ್ನು ಭುಜದ ಮೇಲಕ್ಕೆತ್ತಿ ಬೌಲ್ ಮಾಡಲು ನಿಯಮ ಒಪ್ಪಿದ್ದು 1864ರಲ್ಲಿ. ಜಗತ್ತು ಬಿಟ್ಟದ್ದನ್ನು ನಮ್ಮ ಯುವಕ ಮಂಡಲಗಳು ಪೆಂಡಾಲ್, ಟ್ರೋಫಿ, ಹೊನಲು ಬೆಳಕು ಕೊಟ್ಟು ಸಾಕಿಕೊಂಡಿವೆ. ದೊಡ್ಡ ಮೈದಾನವೇ ಬೇಕೆಂದಿಲ್ಲ, ಗದ್ದೆ ಕೊಯ್ಲಾದ ಮೇಲೆ ಉಳಿಯುವಷ್ಟು ಜಾಗ ಸಾಕು. ಅದು ಇಲ್ಲಿ ಬೇರೂರಲು ಇದೂ ಒಂದು ಕಾರಣ ಅಂತ ನನ್ನ ಅಂದಾಜು.

ನೋಡುವ ಕ್ರಮವೇ ಬೇರೆ. ಟಿವಿಯಲ್ಲಿ ಕ್ಯಾಮೆರಾ ನಮ್ಮ ಪರವಾಗಿ ನೋಡಿ ಮುಗಿಸಿರುತ್ತದೆ, ತಪ್ಪಿದರೆ ಇನ್ನೆರಡು ಸಲ ತೋರಿಸುತ್ತದೆ. ಇಲ್ಲಿ ಚರ್ಮುರಿಯವನಿಗೆ ಚಿಲ್ಲರೆ ಹುಡುಕುವಷ್ಟರಲ್ಲಿ ವಿಕೆಟ್ ಹೋಗಿರುತ್ತದೆ. ಹಾಗಾಗಿ ಎಲ್ಲಿ ನೋಡಬೇಕು ಅಂತ ನಾವೇ ತೀರ್ಮಾನಿಸಬೇಕು. ಬಾಲಿನ ಹಿಂದೆ ಕಣ್ಣು ಓಡಿಸುವುದು ಎಲ್ಲರೂ ಮಾಡುವ ಕೆಲಸ. ಬಾಲು ಕೈ ಬಿಡುವ ಮೊದಲು ಬೌಲರನ ಬೆರಳು ನೋಡಬೇಕು. ಮಣಿಕಟ್ಟಿನ ಸಣ್ಣ ತಿರುವಿನಲ್ಲಿ ಬಾಲು ಒಳಕ್ಕೋ ಹೊರಕ್ಕೋ ಅಂತ ನಿರ್ಧಾರವಾಗುತ್ತದೆ. ಆ ಮೇಲೆ ಕೀಪರ್. ಅವನು ಸ್ಟಂಪಿಗೆ ಅಂಟಿಕೊಂಡೇ ಕುಳಿತಿರುತ್ತಾನೆ. ಬಾಲು ಪುಟಿಯುವ ಮೊದಲೇ ಅವನ ಭುಜ ಒಂದು ಕಡೆಗೆ ಜರುಗಿದರೆ, ಬ್ಯಾಟ್ಸ್‌ಮನ್‌ಗೆ ತಿಳಿಯದ್ದು ಅವನಿಗೆ ತಿಳಿದಿದೆ ಅಂತ ಅರ್ಥ. ಇದು ಗೊತ್ತಾದ ಮೇಲೆ ಪಂದ್ಯ ಎರಡು ಪಟ್ಟು ಉದ್ದವಾಗಿ ಕಂಡಿತು ನನಗೆ, ಒಳ್ಳೆಯ ಅರ್ಥದಲ್ಲಿ.

ಕೀಪರ್ ಅಂದಾಗ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ತಪ್ಪದೆ ಬುಧಿ ಕುಂದರನ್ ಹೆಸರೆತ್ತುತ್ತಾರೆ. ‘ಮೂಲ್ಕಿಯವ ಮಾರಾಯ್ರೆ! ಮದ್ರಾಸಿನಲ್ಲಿ ಇಂಗ್ಲೆಂಡಿನವರಿಗೆ 192 ಹೊಡೆದದ್ದು ಗೊತ್ತುಂಟಾ?’ ಅದು 1964ರ ಜನವರಿ. ಆ ಸರಣಿಯಲ್ಲಿ ಅವರ ಒಟ್ಟು ಗಳಿಕೆ 525. ಮೈದಾನದಲ್ಲಿ ಅಪರಿಚಿತರ ಪಕ್ಕ ಕೂರುವುದರ ಲಾಭ ಇದೇ. ‘ಸ್ಕೋರ್ ಏತಾಂಡ್?’ ಅಂತ ತುಳುವಿನಲ್ಲಿ ಕೇಳಿದರೆ ಸ್ಕೋರಿನ ಜೊತೆ ಅರವತ್ತು ವರ್ಷದ ಚರಿತ್ರೆಯೂ ಸಿಗುತ್ತದೆ.

ಕುಂದರನ್ ಮುಗಿದ ಮೇಲೆ ಮಾತು ಹೊರಳುವುದು ಕೆ.ಎಲ್. ರಾಹುಲ್ ಕಡೆಗೆ. ಅವನೂ ಕೀಪರ್. ತಂದೆ ಪ್ರಾಧ್ಯಾಪಕರಾಗಿದ್ದ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಬೆಳೆದವನು, ಇದೇ ಮೈದಾನದಲ್ಲಿ ಸ್ಯಾಮ್ಯುಯೆಲ್ ಜಯರಾಜ್ ಅವರ ಕೈಯಲ್ಲಿ ಪಳಗಿದವನು. ಈಗ ಅವನ ಆಟವನ್ನು ಕಣ್ಣಾರೆ ನೋಡಬೇಕಾದರೆ ನಾವು ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿ ದಾಟಿ ಬೆಂಗಳೂರಿಗೆ ಹೋಗಬೇಕು. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಡೆಲ್ಲಿ ಪರ 53 ಎಸೆತಕ್ಕೆ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದಲ್ಲಿ ವೃತ್ತ ಬರೆದು ಬ್ಯಾಟನ್ನು ಊರಿ ನಿಂತನಲ್ಲ, ಅದು ‘ಕಾಂತಾರ’ದಿಂದ ಬಂದದ್ದು ಅಂತ ಆಮೇಲೆ ಅವನೇ ಹೇಳಿದ. ಭೂತಕೋಲ ನೋಡಿ ಬೆಳೆದ ಊರಿನವರಿಗೆ ಆ ವೃತ್ತವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆರ್‌ಸಿಬಿ ಸೋತ ಬೇಸರದಲ್ಲೂ ನಮ್ಮ ಮನೆಯಲ್ಲಿ ಚಪ್ಪಾಳೆ ಬಿತ್ತು.

ವೀಕ್ಷಕ ವಿವರಣೆಯ ಬಗ್ಗೆ ಹೇಳದಿದ್ದರೆ ಅನ್ಯಾಯ. ಒಂದೇ ಓವರಿನಲ್ಲಿ ಕನ್ನಡ, ತುಳು, ಇಂಗ್ಲಿಷ್ ಮೂರೂ ಹರಿಯುತ್ತವೆ. ನಡುವೆ ಬೈಕಿನ ಕಳೆದುಹೋದ ಕೀಲಿಕೈಯ ಸುದ್ದಿ, ದಾನಿಗಳ ಹೆಸರು. ಸ್ಕೋರ್ ಬೋರ್ಡ್ ನಂಬುವುದಕ್ಕಿಂತ ಈ ದನಿಯನ್ನು ನಂಬುವುದು ಒಳ್ಳೆಯದು, ಅದು ತಪ್ಪಿದರೆ ತಕ್ಷಣ ಹತ್ತು ಜನ ಕೂಗಿ ತಿದ್ದುತ್ತಾರೆ.

ಹೊಟ್ಟೆಯ ವಿಷಯ: ಬಿಸಿಲಲ್ಲಿ ಬಣ್ಣದ ಸೋಡಾ ಬಾಯಾರಿಕೆ ಹೆಚ್ಚಿಸುತ್ತದೆ, ಬೊಂಡವೇ, ಅಂದರೆ ಎಳನೀರೇ ಸರಿ. ಊಟವನ್ನು ಲೀಗ್ ಹಂತದ ಹೊತ್ತಿಗೇ ಹಂಪನಕಟ್ಟೆಗೆ ಹೋಗಿ ಮುಗಿಸಿ ಬರಬೇಕು. ಸೆಮಿಫೈನಲ್ ಶುರುವಾದ ಮೇಲೆ ಎದ್ದರೆ ಜಾಗ ಹೋದಂತೆಯೇ.

ಇನ್ನು ಸಭಾ ಕಾರ್ಯಕ್ರಮ. ಸೆಮಿಫೈನಲ್ ಮತ್ತು ಫೈನಲ್ ನಡುವೆ ಅತಿಥಿಗಳು ವೇದಿಕೆ ಏರುತ್ತಾರೆ. ಶಾಲು, ಸ್ಮರಣಿಕೆ, ಕ್ರೀಡೆಯಿಂದ ಸೌಹಾರ್ದ ಬೆಳೆಯುತ್ತದೆ ಎಂಬ ಭಾಷಣ. ಆಮೇಲೆ ಅವರಲ್ಲೊಬ್ಬರು ಇಸ್ತ್ರಿ ಪಂಚೆಯಲ್ಲೇ ಬ್ಯಾಟ್ ಹಿಡಿಯುತ್ತಾರೆ. ಬಾಲು ತಾಗದಿದ್ದರೂ ಚಪ್ಪಾಳೆ. ಅಷ್ಟರಲ್ಲಿ ತಲಪಾಡಿ, ಸುರತ್ಕಲ್ ಕಡೆಯ ಸಿಟಿ ಬಸ್ಸುಗಳು ನಿಲ್ಲುವ ಹೊತ್ತು. ಫೈನಲ್ ನೋಡಲೇಬೇಕು ಅನ್ನುವವರು ಮಧ್ಯಾಹ್ನವೇ ಬೈಕ್ ಇರುವ ಯಾರದಾದರೂ ಸ್ನೇಹ ಮಾಡಿಕೊಂಡಿರಬೇಕು. ನಾನು ಒಂದು ಚರ್ಮುರಿ ಕೊಡಿಸಿ ಮಾಡಿಕೊಂಡೆ. ಆತ ಎದುರು ತಂಡದ ಕಡೆಯವನು, ಗೆದ್ದದ್ದೂ ಅವರೇ. ಕೊಟ್ಟಾರದವರೆಗೂ ಕೊನೆಯ ಓವರನ್ನು ಎಸೆತ ಎಸೆತ ವಿವರಿಸುತ್ತಲೇ ಗಾಡಿ ಓಡಿಸಿದ, ಒಂದು ಕೈಯಲ್ಲಿ.