ಮನೆಯ ಹೆಣ್ಣುಮಗಳು ಜೈಲು ಸೇರಿದಾಗ

ಗಂಡಸು ಜೈಲಿಗೆ ಹೋದರೆ ತಾಯಿಯೋ ಹೆಂಡತಿಯೋ ಗೇಟಿನ ಮುಂದೆ ಕಾಯುತ್ತಾರೆ. ಹೆಣ್ಣು ಹೋದರೆ ಮರ್ಯಾದೆಗೆ ಅಂಜಿ ಮನೆಯವರೇ ಕೈಬಿಡುವುದುಂಟು. ಆಕೆಗೆ ಕಾನೂನಿನ ರಕ್ಷಣೆ ಸಾಕಷ್ಟಿದೆ. ಅದು ದಕ್ಕಬೇಕಾದರೆ ಮನೆಯವರು ಬೆನ್ನು ಹತ್ತಬೇಕು.

1. ಬಂಧನದ ಹೊತ್ತು ಬರೆದಿಡಿ
ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಪೊಲೀಸ್ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. ಮೈ ತಪಾಸಣೆ ಮಹಿಳೆಯರಿಂದಲೇ ಆಗಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಠಾಣೆಯಲ್ಲಿ ಹೊಡೆದಿದ್ದರೆ ಆಕೆ ಅದನ್ನು ಮ್ಯಾಜಿಸ್ಟ್ರೇಟರಿಗೇ ಹೇಳಲಿ.

2. ಉಚಿತ ವಕೀಲರನ್ನು ಕೇಳಿ
1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

3. ಜಾಮೀನಿಗೆ ತಡಮಾಡಬೇಡಿ
ಗಂಭೀರ ಪ್ರಕರಣದಲ್ಲೂ ಆರೋಪಿ ಮಹಿಳೆ ಎಂಬುದನ್ನು ಪರಿಗಣಿಸಿ ಜಾಮೀನು ಕೊಡಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಮಿನಲ್ಲಿ ಅವಕಾಶವಿದೆ. ಕಾಯಿಲೆಯ ಚೀಟಿ, ಗರ್ಭಿಣಿಯಾಗಿದ್ದರೆ ತಾಯಿ ಕಾರ್ಡ್, ಎಳೆಯ ಮಕ್ಕಳ ದಾಖಲೆ, ಎಲ್ಲವನ್ನೂ ವಕೀಲರ ಕೈಗೆ ಕೊಡಿ.

4. ಭೇಟಿ ತಪ್ಪಿಸಬೇಡಿ
ಜೈಲು ಭೇಟಿಯ ಆನ್‌ಲೈನ್ ವ್ಯವಸ್ಥೆಯಾದ ಇ-ಮುಲಾಕಾತ್ ಮೂಲಕ ಮೊದಲೇ ಹೆಸರು ನೋಂದಾಯಿಸಿ, ಗುರುತಿನ ಚೀಟಿಯೊಂದಿಗೆ ಹೋಗಿ. ಕ್ಷೇಮವೇ ಎಂದು ಕೇಳಿ ಸುಮ್ಮನಾಗಬೇಡಿ. ಮುಟ್ಟಿನ ದಿನಗಳಿಗೆ ಪ್ಯಾಡ್ ಸಿಗುತ್ತಿದೆಯೇ, ಸ್ನಾನಕ್ಕೆ ಮರೆ ಇದೆಯೇ, ವೈದ್ಯರು ನೋಡಿದರೇ ಎಂದು ಬಿಡಿಸಿ ಕೇಳಿ. ಹೆಂಗಸರು ಇಂಥದ್ದನ್ನು ತಾವಾಗಿ ಹೇಳುವುದಿಲ್ಲ.

5. ಮಗುವಿದ್ದರೆ
ಆರು ವರ್ಷದವರೆಗೆ ಮಗು ತಾಯಿಯ ಜೊತೆ ಇರಬಹುದು. ಮಗು ಕೈದಿಯಲ್ಲ, ಅದಕ್ಕೆ ತಕ್ಕ ಊಟ, ಚಿಕಿತ್ಸೆ, ಶಿಶುವಿಹಾರ ಒದಗಿಸಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಸಾಧ್ಯವಾದಷ್ಟೂ ಹೆರಿಗೆ ಹೊರಗಿನ ಆಸ್ಪತ್ರೆಯಲ್ಲಾಗಬೇಕು. ಒಳಗೇ ಆದರೂ ಜನನ ಪತ್ರದಲ್ಲಿ ಹುಟ್ಟಿದ ಸ್ಥಳ ಜೈಲು ಎಂದು ನಮೂದಿಸುವಂತಿಲ್ಲ. ಪತ್ರ ಕೈಗೆ ಬಂದೊಡನೆ ಆ ಸಾಲನ್ನು ಓದಿ ನೋಡಿ.

6. ದೂರು ಬರವಣಿಗೆಯಲ್ಲಿರಲಿ
ಮೊದಲು ಜೈಲಿನ ಸೂಪರಿಂಟೆಂಡೆಂಟ್‌ಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಹಿ, ಮೊಹರು ಹಾಕಿಸಿಕೊಳ್ಳಿ. ಫಲ ಸಿಗದಿದ್ದರೆ ಅದೇ ಪ್ರತಿಯೊಂದಿಗೆ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ಮಾನವ ಹಕ್ಕುಗಳ ಆಯೋಗಕ್ಕೋ ದೂರು ಕೊಡಿ. ನ್ಯಾಯಾಲಯ ಕೊಡುವ ಶಿಕ್ಷೆ ಬಂಧನದ್ದು ಮಾತ್ರ. ಅವಮಾನವಾಗಲಿ ಅನಾರೋಗ್ಯವಾಗಲಿ ಆ ಶಿಕ್ಷೆಯ ಭಾಗವಲ್ಲ.