ಎಷ್ಟನೇ ನಿಮಿಷದಲ್ಲಿ ಚೆನ್ನಾಗಿದೆ?

ಹೊಸ ಆಲ್ಬಮ್‌ಗಳು ಈಗ ಶುಕ್ರವಾರ ಬರುತ್ತವೆ. 2015ರ ಜುಲೈನಿಂದ ಜಗತ್ತಿನ ಹೆಚ್ಚಿನ ಸಂಗೀತ ಕಂಪನಿಗಳು ಒಪ್ಪಿಕೊಂಡ ವಾರ ಅದು. ಮಧ್ಯರಾತ್ರಿ ಬಿಡುಗಡೆ, ಬೆಳಗಿನ ಕಾಫಿಯೊಳಗೆ ವಿಮರ್ಶೆ, ಮಧ್ಯಾಹ್ನದ ಹೊತ್ತಿಗೆ ಅಭಿಮಾನಿಗಳ ಜಗಳ. ಬೆಂಗಳೂರಿನಲ್ಲಿ ಕೂತು ಬರೆಯುವ ಗೆಳೆಯರಿಗೆ ಈ ಓಟ ಒಗ್ಗಿಹೋಗಿದೆ. ಸೊರಬ ತಾಲ್ಲೂಕಿನ ಉಳವಿಯಲ್ಲಿ ಕೂತು ಹಾರ್ಡ್ ರಾಕ್, ಹೆವಿ ಮೆಟಲ್ ಬಗ್ಗೆ ಕನ್ನಡದಲ್ಲಿ ಬರೆಯುವ ನನಗೆ ಅದು ಆಗದ ಮಾತು. ಜೂನ್ ಬಂತೆಂದರೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳುವಂತಿಲ್ಲ. ಟವರಿನ ಬ್ಯಾಟರಿ ಖಾಲಿಯಾದರೆ ನೆಟ್‌ವರ್ಕೂ ಇಲ್ಲ. ಹಾಗಾಗಿ ಸಿಕ್ಕಾಗ ಹಾಡು ಇಳಿಸಿಟ್ಟುಕೊಂಡು, ತೋಟಕ್ಕೆ ಹೋಗುವಾಗ, ಸಾಗರದ ಬಸ್ಸಿನಲ್ಲಿ, ರಾತ್ರಿ ಮಲಗುವ ಮುಂಚೆ ಕೇಳುತ್ತಾ ಕೇಳುತ್ತಾ ಹದಿನೈದು ದಿನ ಕಳೆದ ಮೇಲೆ ಬರೆಯುವುದು ರೂಢಿಯಾಯಿತು. ಮೊದಲ ದಿನ ತಲೆಗೇರಿದ ಹಾಡುಗಳಲ್ಲಿ ಅರ್ಧದಷ್ಟು ಎರಡನೇ ವಾರಕ್ಕೆ ಇಳಿದುಹೋಗುತ್ತವೆ. ಮೊದಲು ಸಪ್ಪೆ ಎನಿಸಿದ ಒಂದೆರಡು ಹತ್ತಿಕೊಳ್ಳುತ್ತವೆ. ತಡವಾಗಿ ಬರೆದದ್ದಕ್ಕೆ ಓದುಗರು ಯಾರೂ ಬೈದಿಲ್ಲ. ಸಂಪಾದಕರು ಬೈದಿದ್ದಾರೆ, ಅದು ಬೇರೆ.

ಈ ಕೆಲಸದಲ್ಲಿ ನನ್ನ ಮೇಷ್ಟ್ರು ಎಂದರೆ ಊರಿನಲ್ಲಿ ಶಾಮಿಯಾನ, ಸೌಂಡ್ಸ್ ಬಾಡಿಗೆಗೆ ಕೊಡುವ ಗೆಳೆಯ. ಆಷಾಢದಲ್ಲಿ ಮದುವೆಯಿಲ್ಲ, ಗಣಪತಿ ಹಬ್ಬದವರೆಗೆ ಆರ್ಕೆಸ್ಟ್ರಾ ಇಲ್ಲ. ಬಾಕ್ಸುಗಳು ಗೋಡೌನಿನಲ್ಲಿ ಸುಮ್ಮನೆ ಕೂತರೆ ಸ್ಪೀಕರಿನ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ, ಆಂಪ್ಲಿಫೈಯರಿಗೆ ಥಂಡಿ ಏರುತ್ತದೆ. ಅದಕ್ಕೆ ಆಗಾಗ ಸೆಟ್ ಓಡಿಸಲೇಬೇಕು. ಅವನು ಓಡಿಸುವ ದಿನ ನಾನು ನನ್ನ ಹಾಡುಗಳನ್ನು ಹಿಡಿದು ಹೋಗುತ್ತೇನೆ. ತಗಡಿನ ಮೇಲೆ ಮಳೆ, ಒಳಗೆ ಜುದಾಸ್ ಪ್ರೀಸ್ಟ್. ಅವನಿಗೆ ಮೆಟಲ್ ಎಂದರೆ ಅಂಥ ಪ್ರೀತಿಯೇನೂ ಇಲ್ಲ. ರಾಜ್‌ಕುಮಾರ್ ಹಾಡುಗಳ ಮನುಷ್ಯ. ಆದರೆ ಕಿವಿ ಮಾತ್ರ ಬಲು ಚುರುಕು. ನಾನು ಒಂದು ಆಲ್ಬಮ್ಮನ್ನು ಹೊಗಳುತ್ತಿದ್ದಾಗ ನಡುವೆಯೇ ಕೇಳಿದ: "ಅದೆಲ್ಲಾ ಸರಿ ಮಾರಾಯ, ಎಷ್ಟನೇ ನಿಮಿಷದಾಗೆ ಚೊಲೋ ಐತಿ, ಅದನ್ನ ಹೇಳು."

ಅದು ಅವನ ಕಸುಬಿನ ಪ್ರಶ್ನೆ. ಕಾರ್ಯಕ್ರಮ ಮುಗಿದ ಮೇಲೆ ಯಾರಾದರೂ ಬಂದು ಸೌಂಡು ಸರಿ ಇರಲಿಲ್ಲ ಎಂದರೆ ಅವನು ವಾದ ಮಾಡುವುದಿಲ್ಲ. ಯಾವ ಹಾಡು, ನೀವು ಎಲ್ಲಿ ಕೂತಿದ್ದಿರಿ, ಹೆಚ್ಚಾದದ್ದು ದನಿಯೋ ಡ್ರಮ್ಸೋ ಎಂದು ಕೇಳುತ್ತಾನೆ. ಉತ್ತರ ಇದ್ದವರ ದೂರು ಕೆಲಸಕ್ಕೆ ಬರುತ್ತದೆ. ಆವತ್ತಿನಿಂದ ವಿಮರ್ಶೆಯಲ್ಲಿ ನಾನು ಬರೆಯುವ ಪ್ರತಿ ಹೊಗಳಿಕೆ, ಪ್ರತಿ ತೆಗಳಿಕೆಯ ಪಕ್ಕದಲ್ಲಿ ನೋಟ್ ಪುಸ್ತಕದಲ್ಲಿ ನಿಮಿಷ, ಸೆಕೆಂಡು ಬರೆದಿಟ್ಟುಕೊಳ್ಳುತ್ತೇನೆ. ಬರೆಯಲಾಗದ ಮಾತು ಲೇಖನದಿಂದ ಹೊರಗೆ. "ಅಬ್ಬರದ ಆಲ್ಬಮ್", "ರೋಮಾಂಚನಗೊಳಿಸುವ ಗಿಟಾರ್" ಇವೆಲ್ಲ ಹೀಗೇ ಉದುರಿಹೋದವು.

ಅದೇ ಗೋಡೌನಿನಲ್ಲಿ ಒಮ್ಮೆ ಮೆಟಾಲಿಕಾದ 2003ರ 'ಸೇಂಟ್ ಆ್ಯಂಗರ್' ಹಾಕಿದೆ. ಮೊದಲ ಹಾಡು ಅರ್ಧಕ್ಕೆ ಬರುವ ಮುಂಚೆಯೇ ಅವನು, "ಸ್ನೇರಿಂದು ವೈರು ಬಿಟ್ಟು ಬಾರ್ಸಾಕತ್ಯಾನಲ್ಲ" ಎಂದ. ಇಪ್ಪತ್ತು ವರ್ಷಗಳಿಂದ ಅಭಿಮಾನಿಗಳು ಜಗಳವಾಡುತ್ತಿರುವುದು ಇದರ ಬಗ್ಗೆಯೇ: ಡ್ರಮ್ಮರ್ ಲಾರ್ಸ್ ಉಲ್ರಿಕ್ ಸ್ನೇರ್ ಡ್ರಮ್ಮಿನ ಅಡಿಯ ತಂತಿಗಳನ್ನು ಬಿಟ್ಟು ನುಡಿಸಿದ್ದ. ವಿಮರ್ಶಕರು ಆ ಆಲ್ಬಮ್ಮಿಗೆ ಬಳಸಿದ ಬೈಗುಳಗಳನ್ನೆಲ್ಲ ಒಟ್ಟು ಮಾಡಿದರೂ ಈ ಒಂದು ವಾಕ್ಯದಷ್ಟು ವಿಷಯ ತಿಳಿಯುವುದಿಲ್ಲ. 2008ರ 'ಡೆತ್ ಮ್ಯಾಗ್ನೆಟಿಕ್' ಬಂದಾಗ ದೂರು ಬೇರೆ ಇತ್ತು, ಸದ್ದು ಒಡೆಯುತ್ತದೆ ಎಂದು. 'ಗಿಟಾರ್ ಹೀರೊ' ಎಂಬ ವಿಡಿಯೊ ಗೇಮಿಗೆ ಕೊಟ್ಟಿದ್ದ ಅದೇ ಹಾಡುಗಳು ಸೀಡಿಗಿಂತ ಸ್ವಚ್ಛವಾಗಿ ಕೇಳುತ್ತಿದ್ದವು. ಹೋಲಿಸಿ ನೋಡಿದ ಅಭಿಮಾನಿಗಳು ಮತ್ತೆ ಮಿಕ್ಸ್ ಮಾಡಿ ಎಂದು ಸಹಿ ಸಂಗ್ರಹಿಸಿದರು. ಕಂಪ್ಯೂಟರಿನಲ್ಲಿ ಆ ಸೀಡಿಯ ಹಾಡಿನ ಅಲೆಯ ಚಿತ್ರ ತೆರೆದು ನೋಡಿದೆ. ಕೊಯ್ಲಾದ ಗದ್ದೆಯ ಕೂಳೆ ಇದ್ದ ಹಾಗೆ ಎಲ್ಲ ಒಂದೇ ಎತ್ತರಕ್ಕೆ ಕತ್ತರಿಸಿತ್ತು. ಮೆಲ್ಲಗೆ ನುಡಿಸಿದ್ದೂ ಜೋರು, ಜೋರಾಗಿ ನುಡಿಸಿದ್ದೂ ಅಷ್ಟೇ ಜೋರು. ಹಾಡು ಕಟ್ಟಿದವರ ತಪ್ಪು ಯಾವುದು, ಮಾಸ್ಟರಿಂಗ್ ಮಾಡಿದವರದ್ದು ಯಾವುದು ಎಂದು ಬಿಡಿಸಿ ಹೇಳುವುದು ವಿಮರ್ಶಕನ ಕೆಲಸ. ಆ ಆಲ್ಬಮ್ಮಿನ ರಿಫ್‌ಗಳು ಚೆನ್ನಾಗಿಯೇ ಇವೆ.

ನಮ್ಮ ಕಡೆಯ ಕಿವಿಗೆ ಗಟ್ಟಿ ಸದ್ದು ಹೊಸತೇನಲ್ಲ. ರಾತ್ರಿಯಿಡೀ ಯಕ್ಷಗಾನದ ಚಂಡೆ ಕೇಳಿ ಬೆಳೆದವರು, ಜಾತ್ರೆಯಲ್ಲಿ ಡೊಳ್ಳಿನವರ ಪಕ್ಕದಲ್ಲೇ ನಿಂತವರು ನಾವು. ಡೊಳ್ಳಿನ ತಂಡದಲ್ಲಿ ಸದ್ದಿಗಿಂತ ಗಮನ ಕೊಡಬೇಕಾದದ್ದು ಗತಿ ಬದಲಾಗುವ ಜಾಗಕ್ಕೆ. ಎಲ್ಲರೂ ಒಟ್ಟಿಗೆ ತಿರುಗಿದರೋ, ಒಬ್ಬ ಹಿಂದುಳಿದನೋ ಅಲ್ಲಿ ಗೊತ್ತಾಗುತ್ತದೆ. ಹೊಸ ಮೆಟಲ್ ಬ್ಯಾಂಡಿನ ಹಾಡು ಬಂದಾಗ ನಾನು ಮೊದಲು ಕೇಳುವುದು ಅದೇ ಜಾಗವನ್ನು. ವೇಗವನ್ನು ಈಗ ಕಂಪ್ಯೂಟರ್ ಕೂಡ ಕೊಡುತ್ತದೆ. ತಿರುವು ನುಡಿಸುವವರ ಕೈಯಲ್ಲೇ ಇದೆ.

ಸಿಂಗಲ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆಲ್ಬಮ್ ಬರುವುದಕ್ಕೆ ತಿಂಗಳುಗಳ ಮೊದಲೇ ಮೂರು ನಾಲ್ಕು ಹಾಡುಗಳನ್ನು ಒಂದೊಂದಾಗಿ ಬಿಡುವುದು ಈಗಿನ ಪದ್ಧತಿ. ಮೆಟಾಲಿಕಾ 2022ರ ನವೆಂಬರಿನಲ್ಲಿ ಬಿಟ್ಟ 'ಲಕ್ಸ್ ಇಟರ್ನಾ' ಮೂರೂವರೆ ನಿಮಿಷವೂ ಇಲ್ಲದ, ಓಡುವ ಹಾಡು. ಹಳೆಯ ಮೆಟಾಲಿಕಾ ಮರಳಿ ಬಂತು ಎಂದು ಎಲ್ಲೆಡೆ ಕುಣಿದಾಡಿದರು. 2023ರ ಏಪ್ರಿಲ್ 14ರಂದು '72 ಸೀಸನ್ಸ್' ಬಂದಾಗ ನೋಡಿದರೆ 77 ನಿಮಿಷದ ಆಲ್ಬಮ್, ಹೆಚ್ಚಿನವು ಮಧ್ಯಮ ಗತಿಯ ಹಾಡುಗಳು, ಕೊನೆಯ 'ಇನಾಮೊರಾಟಾ' ಹನ್ನೊಂದು ನಿಮಿಷಕ್ಕೂ ಉದ್ದ. ಗಿಟಾರ್‌ಗಳು ಹಿಂದೆ ಸರಿದು ಬಾಸ್ ಮುಂದೆ ಬರುವ ಆ ಹಾಡಿನ ನಡುಭಾಗವೇ ನನ್ನ ಪಾಲಿಗೆ ಇಡೀ ಆಲ್ಬಮ್ಮಿನ ಒಳ್ಳೆಯ ಜಾಗ. ಸಿಂಗಲ್ ಕೇಳಿ ಇದನ್ನು ಊಹಿಸಲು ಸಾಧ್ಯವೇ ಇರಲಿಲ್ಲ. ಐರನ್ ಮೇಡನ್ನಿನ 2021ರ 'ಸೆಂಜುಟ್ಸು' ಕೂಡ ಹಾಗೆಯೇ; 82 ನಿಮಿಷದ ಆ ಆಲ್ಬಮ್ಮಿನ ಕೊನೆಯ ಮೂರು ಹಾಡುಗಳೂ ಹತ್ತು ನಿಮಿಷ ದಾಟುತ್ತವೆ. ಸಿಂಗಲ್ ಬಂದಾಗ ಆ ಹಾಡಿನ ಬಗ್ಗೆ ಮಾತ್ರ ಬರೆಯಬೇಕು. ಬರಲಿರುವ ಆಲ್ಬಮ್ಮಿನ ಭವಿಷ್ಯ ಹೇಳುವುದು ಪಂಚಾಂಗದವರಿಗಿರಲಿ.

ಹೋಲಿಕೆಯ ಚಟ ಇನ್ನೊಂದು. ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ 1970ರ ಫೆಬ್ರುವರಿ 13ರಂದು ಬಂತು. ಇಂದು ಮೆಟಲ್‌ನ ಹುಟ್ಟು ಎಂದು ಹೆಚ್ಚಿನವರು ಅದನ್ನೇ ತೋರಿಸುತ್ತಾರೆ. 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಅದನ್ನು ಕ್ರೀಮ್ ಬ್ಯಾಂಡಿಗೆ ಹೋಲಿಸಿ ತಳ್ಳಿಹಾಕಿದ. ಬ್ಯಾಂಗ್ಸ್ ಸಣ್ಣ ವಿಮರ್ಶಕನೇನಲ್ಲ. ಆದರೆ ಕ್ರೀಮ್ ಇದ್ದ ತಕ್ಕಡಿಯಲ್ಲಿ ಸಬ್ಬತ್ತನ್ನು ತೂಗಿದರೆ ಸಬ್ಬತ್ತಿನಲ್ಲಿ ಮಾತ್ರ ಇದ್ದದ್ದು ತೂಕಕ್ಕೇ ಸಿಗಲಿಲ್ಲ. ಗಿಟಾರಿಸ್ಟ್ ಟೋನಿ ಅಯೊಮಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡವನು. ಎಡಚನಾದ್ದರಿಂದ ತಂತಿ ಒತ್ತುವ ಬೆರಳುಗಳೇ ಅವು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಹಾಕಿಕೊಂಡ, 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಹೊತ್ತಿಗೆ ಶ್ರುತಿಯನ್ನೇ ಕೆಳಗಿಳಿಸಿದ. ಇವತ್ತಿನ ಅರ್ಧ ಮೆಟಲ್ ಲೋಕ ಆ ಇಳಿದ ಶ್ರುತಿಯ ಮೇಲೆ ನಿಂತಿದೆ.

ನಮ್ಮ ರಾಜ್ಯದ ಬ್ಯಾಂಡುಗಳಿಗೂ ಇದೇ ಅನ್ಯಾಯ. 1998ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕ್ರಿಪ್ಟೋಸ್ ಬಗ್ಗೆ ಬರೆಯುವವರು ಮೊದಲ ಸಾಲಿನಲ್ಲೇ ಎಂಬತ್ತರ ದಶಕದ ಜುದಾಸ್ ಪ್ರೀಸ್ಟ್, ಐರನ್ ಮೇಡನ್ ಹೆಸರು ತಂದು ಕೂರಿಸುತ್ತಾರೆ. ಆ ಕಾಲದ ಜೋಡಿ ಗಿಟಾರಿನ ಮೆಟಲ್ ಮಾಡುತ್ತೇವೆ ಎಂದು ಅವರೇ ಹೊರಟಿರುವಾಗ ಅದು ಆರೋಪ ಹೇಗಾಗುತ್ತದೆ? ಕೇಳಬೇಕಾದದ್ದು ಬೇರೆ: ನೋಲನ್ ಲೂಯಿಸ್‌ನ ಒರಟು ಗಂಟಲು ಆ ಸಿಹಿ ಗಿಟಾರ್ ಜೋಡಿಗೆ ಕೂಡಿಬರುತ್ತದೆಯೇ? 2016ರ 'ಬರ್ನ್ ಅಪ್ ದ ನೈಟ್'ನಲ್ಲಿ ಕೂಡಿಬಂದಿದೆ. 2019ರ 'ಆಫ್ಟರ್‌ಬರ್ನರ್' ನನಗೆ ಅಷ್ಟು ಹಿಡಿಸಲಿಲ್ಲ. ಹಾಡುಗಳು ಒಂದರ ಬೆನ್ನಿಗೆ ಒಂದು ಅದೇ ನಡಿಗೆಯಲ್ಲಿ ಬರುತ್ತವೆ. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿ ಬಂದವರು ಎಂಬ ಅಭಿಮಾನ ನನಗೂ ಉಂಟು. ಆದರೆ ಅಭಿಮಾನಕ್ಕೆ ಸಿಗುವ ಜಾಗ ಸುದ್ದಿಯ ಅಂಕಣ. ಬೇವರ್ ಸೀ ಇನ್ನೊಂದು ಬೆಂಗಳೂರು ಬ್ಯಾಂಡು (ಹೆಸರನ್ನು ಗಟ್ಟಿಯಾಗಿ ಓದಿದರೆ ಮನೆಯಲ್ಲಿ ಏಟು ಬೀಳಬಹುದು). 2012ರ ಮೊದಲ ಆಲ್ಬಮ್ಮಿನಲ್ಲಿ ನಾಲ್ಕೇ ಹಾಡು, ನಿಧಾನ, ಭಾರ. ವೇಗದ ಮೆಟಲ್ ಬೇಕಾದವನು ಅದನ್ನು ಕೇಳಿ ಬೇಜಾರು ಎಂದರೆ ಅದು ಬ್ಯಾಂಡಿನ ವಿಮರ್ಶೆ ಆಗುವುದಿಲ್ಲ.

ಕನ್ನಡ ಓದುಗರು ತಪ್ಪದೆ ಕೇಳುವ ಪ್ರಶ್ನೆ ಸಾಹಿತ್ಯದ್ದು. ಭಾವಗೀತೆಯ ನಾಡು, ಹಾಡು ಎಂದರೆ ಮೊದಲು ಕವಿ ಯಾರು ಎಂದು ಕೇಳುವ ಜಿಲ್ಲೆ ನಮ್ಮದು. ಮೆಟಲ್‌ನಲ್ಲಿ ದನಿ ಬಹಳ ಸಲ ಇನ್ನೊಂದು ವಾದ್ಯ ಮಾತ್ರ, ಮಾತು ಕೇಳಿಸುವುದೇ ಇಲ್ಲ ಎಂದು ಸಮಜಾಯಿಷಿ ಹೇಳಬಹುದು. ನಾನು ಹಾಗೆ ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಸಾಹಿತ್ಯ ತರಿಸಿಕೊಂಡು ಓದುತ್ತೇನೆ. ಹೆಚ್ಚಿನವು ಸಾಧಾರಣ, ಕೆಲವು ಹಾಸ್ಯಾಸ್ಪದ. ಹಾಗೆಂದು ಬರೆಯುತ್ತೇನೆ ಕೂಡ. ಕೋಲ್‌ರಿಜ್‌ನ ಕಾವ್ಯವನ್ನು 1984ರಲ್ಲೇ ಹದಿಮೂರು ನಿಮಿಷದ ಹಾಡಾಗಿ ಕಟ್ಟಿದ ಐರನ್ ಮೇಡನ್ ಇರುವಾಗ, ಮೆಟಲ್ಲಿಗೆ ಸಾಹಿತ್ಯ ಬೇಡ ಎನ್ನಲು ಯಾರಿಗೂ ಹಕ್ಕಿಲ್ಲ. ನಕ್ಷತ್ರ ಕೊಡುವ ವಿಷಯ ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ಸಂಪಾದಕರಿಗೆ ಬೇಕು, ನನಗೆ ಬೇಡ. ಐದಕ್ಕೆ ಮೂರೂವರೆ ಎಂಬುದು ಕನ್ನಡದಲ್ಲಿ ಸಿನಿಮಾದಿಂದ ಹಿಡಿದು ಸಂಗೀತದವರೆಗೆ ಯಾರಿಗೂ ನೋವಾಗದ ಅಂಕಿ.

ಪರಿಚಯದವರ ಬ್ಯಾಂಡಿನ ಆಲ್ಬಮ್ಮನ್ನು ನಾನು ವಿಮರ್ಶೆ ಮಾಡುವುದಿಲ್ಲ. ಕೊಂಡು ಕೇಳಿ, ಅನಿಸಿದ್ದನ್ನು ಫೋನಿನಲ್ಲಿ ಹೇಳುತ್ತೇನೆ. ಕೊಳ್ಳುವುದು ಮುಖ್ಯ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಕಾಸು ಹುಟ್ಟುವುದಿಲ್ಲ. ಸಣ್ಣ ಬ್ಯಾಂಡುಗಳ ಎಷ್ಟೋ ಹಾಡುಗಳು ಈ ಗೆರೆಯ ಕೆಳಗೇ ಉಳಿಯುತ್ತವೆ. ಬ್ಯಾಂಡ್‌ಕ್ಯಾಂಪಿನಲ್ಲಿ ಡಿಜಿಟಲ್ ಆಲ್ಬಮ್ ಕೊಂಡರೆ ಕಂಪನಿ ಹಿಡಿದುಕೊಳ್ಳುವ ಪಾಲು ನೂರಕ್ಕೆ 15. 2020ರ ಮಾರ್ಚಿನಲ್ಲಿ ಶುರುವಾದ 'ಬ್ಯಾಂಡ್‌ಕ್ಯಾಂಪ್ ಫ್ರೈಡೇ' ದಿನಗಳಲ್ಲಿ ಅದನ್ನೂ ಬಿಟ್ಟುಕೊಡುತ್ತಾರೆ. ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ: ಮೊದಲು ಕ್ರಿಪ್ಟೋಸ್‌ನ 'ಬರ್ನ್ ಅಪ್ ದ ನೈಟ್', ಅದು ಹಿಡಿಸಿದರೆ ಬೇವರ್ ಸೀಯ ಮೊದಲ ಆಲ್ಬಮ್. ಎರಡನ್ನೂ ದುಡ್ಡು ಕೊಟ್ಟು ಕೊಳ್ಳಿ, ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ.